ಮೈಸೂರು ಹೆಬ್ಬಾಳದ ನಮ್ಮ ಪ್ರೆಸ್ಸಿಗೆ ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್ ಮಾಡಿಸಿದ್ದು: ಪೆನ್ಸಿಲ್‌ಗೆ ಪೂರ್ತಿ ಮಾರ್ಕ್ಸ್, ಸ್ಲೈಡ್‌ಗೆ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕಳೆದ ವರ್ಷ ದಸರಾಗೆ ಮುಂಚೆ ನಮ್ಮ ಪ್ರೆಸ್ಸಿಗೆ ಒಬ್ಬ ಕನ್ಸಲ್ಟೆಂಟ್ ಕರೆಸಿ ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್ ಮಾಡಿಸಿದೆವು, ಅಂದರೆ ಆರ್ಡರ್ ಬಂದಲ್ಲಿಂದ ಮಾಲು ಹೊರಗೆ ಹೋಗುವ ತನಕ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಕಾಯುತ್ತದೆ ಅಂತ ಒಂದೇ ಹಾಳೆ ಮೇಲೆ ನಕ್ಷೆ ಬರೆಯುವುದು. ಆಮೇಲಿಂದ ಇಂಡಸ್ಟ್ರಿಯಲ್ ಏರಿಯಾದ ಪರಿಚಯದವರು, "ಅದೇನು ಸುಮ್ನೆ ದುಡ್ಡು ಹೊಡೆಯೋ ದಂಧೆನಾ, ಇಲ್ಲಾ ಏನಾದ್ರೂ ಉಪಯೋಗ ಇದೆಯಾ?" ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಯಿತು. ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅಂತ ಇದು.

ಕನ್ಸಲ್ಟೆಂಟ್ ಹೆಸರು ಹಾಕುತ್ತಿಲ್ಲ. ಹೊಗಳಿಕೆ ಜೊತೆ ದೂರೂ ಇದೆ. ಮೈಸೂರು ಸಣ್ಣ ಊರು, ನಾಳೆ ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿರುತ್ತಾರೆ. ದೊಡ್ಡ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಪ್ರೊಡಕ್ಷನ್ ನೋಡಿಕೊಂಡು ರಿಟೈರ್ ಆದವರು ಅಂದರೆ ಸಾಕು. ಎರಡು ದಿನ ನಮ್ಮ ಪ್ರೆಸ್ಸಲ್ಲೇ ಇದ್ದು ಕೆಲಸ, ತಿಂಗಳಾದ ಮೇಲೆ ಅರ್ಧ ದಿನ ಬಂದು ನೋಡುವುದು. ಎಲ್ಲ ಸೇರಿ 40,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಲೋಕಲ್ ಆದ್ದರಿಂದ ಓಡಾಟದ ಖರ್ಚು ಕೇಳಲಿಲ್ಲ. ಬೆಂಗಳೂರಿನವರ ಕೊಟೇಶನ್ ಇದಕ್ಕಿಂತ ಎಷ್ಟೋ ಜಾಸ್ತಿ ಇತ್ತು.

ನಮ್ಮದು ಏನು ಕೆಲಸ ಅಂತ ಹೇಳದೆ ಇದ್ದರೆ ಮುಂದಿನದು ಅರ್ಥ ಆಗಲ್ಲ. ಅಣ್ಣ ಮಾಲೀಕ, ನಾನು ಪ್ರೊಡಕ್ಷನ್ನು ಮತ್ತು ಲೆಕ್ಕ ನೋಡಿಕೊಳ್ಳುತ್ತೇನೆ. ಮುಕ್ಕಾಲು ಪಾಲು ಕೆಲಸ ಅಗರಬತ್ತಿ ಡಬ್ಬಿಗಳು. ಆರು ಮೂಲೆಯ ಹೆಕ್ಸಾ ಪ್ಯಾಕು, ಚಪ್ಪಟೆ ಪ್ಯಾಕು, ಹೊರಗಿನ ದೊಡ್ಡ ಡಬ್ಬಿ. ಮೈಸೂರಲ್ಲಿ ಅಗರಬತ್ತಿ ಇರುವ ತನಕ ನಮಗೆ ಅನ್ನ ಇದೆ. ಉಳಿದಂತೆ ಬಿಲ್ ಬುಕ್ಕು, ಕ್ಯಾಲೆಂಡರ್, ಒಂದಿಷ್ಟು ಮದುವೆ ಕಾರ್ಡು. ಡೂಪ್ಲೆಕ್ಸ್ ಬೋರ್ಡ್ (ಡಬ್ಬಿ ಮಾಡುವ ರಟ್ಟು) ಬರುತ್ತದೆ, ಕಟ್ ಆಗುತ್ತದೆ, ನಾಲ್ಕು ಕಲರ್ ಮಷೀನಲ್ಲಿ ಪ್ರಿಂಟ್ ಆಗುತ್ತದೆ, ಹೊರಗಡೆ ಜಾಬ್ ವರ್ಕ್‌ನವರ ಹತ್ತಿರ ಲ್ಯಾಮಿನೇಷನ್‌ಗೆ ಹೋಗಿ ಬರುತ್ತದೆ, ಪಂಚಿಂಗ್ (ಡೈ ಅನ್ನುವ ಅಚ್ಚಿನಿಂದ ಡಬ್ಬಿ ಆಕಾರಕ್ಕೆ ಕತ್ತರಿಸುವುದು) ಆಗುತ್ತದೆ, ವೇಸ್ಟ್ ಬಿಡಿಸಿ, ಪೇಸ್ಟಿಂಗ್ ಮಾಡಿ, ಕಟ್ಟು ಕಟ್ಟಿ ಕಳಿಸುತ್ತೇವೆ.

ತೊಂದರೆ ಇದ್ದದ್ದು ಪಂಚಿಂಗ್ ಮುಂದೆ. ಪ್ರಿಂಟ್ ಆದ ಶೀಟುಗಳ ರಾಶಿ ಅಲ್ಲಿ ಯಾವತ್ತೂ ಕರಗುತ್ತಿರಲಿಲ್ಲ. ನಮ್ಮ ಕಟಿಂಗ್ ಮಾಸ್ಟರ್ ಮಂಡ್ಯ ಕಡೆಯವರು. "ಸಕ್ಕರೆ ಫ್ಯಾಕ್ಟರಿ ಗೇಟಲ್ಲಿ ಕಬ್ಬಿನ ಗಾಡಿ ನಿಂತಂಗೆ ನಿಂತವೆ ನೋಡಕ್ಕ" ಅನ್ನೋರು. ಅಣ್ಣ ಎರಡನೇ ಪಂಚಿಂಗ್ ಮಷೀನ್‌ಗೆ ಕೊಟೇಶನ್ ತರಿಸಿಟ್ಟಿದ್ದ. ಬ್ಯಾಂಕಿನ ಜೊತೆ ಮಾತೂ ಶುರುವಾಗಿತ್ತು. ನಮ್ಮ ಆಡಿಟರು, "ಲೋನ್ ತಗೊಳ್ಳೋ ಮುಂಚೆ ಯಾರಾದ್ರೂ ಹೊರಗಿನವರ ಹತ್ತಿರ ಒಂದು ಸಲ ನೋಡಿಸಿ" ಅಂದದ್ದಕ್ಕೆ ಇವರನ್ನು ಕರೆಸಿದ್ದು.

ಮೊದಲ ದಿನ ಬೆಳಿಗ್ಗೆ ಸ್ಲೈಡ್ ಶೋ. ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಎರಡು ಗಂಟೆ, ಪೂರ್ತಿ ಇಂಗ್ಲಿಷು, ಪೂರ್ತಿ ಕಾರ್ ಕಂಪನಿ ಉದಾಹರಣೆ. ಇದು ಟೊಯೊಟಾದಿಂದ ಬಂದದ್ದು, ಅಲ್ಲಿ ಸಾಮಾನು ಹೇಗೆ ಹರಿಯುತ್ತದೆ, ಮಾಹಿತಿ ಹೇಗೆ ಹರಿಯುತ್ತದೆ ಅಂತ ಒಂದೇ ಹಾಳೆ ಮೇಲೆ ಬರೆಯುತ್ತಿದ್ದರು, 1990ರ ದಶಕದ ಕೊನೆಯಲ್ಲಿ ಅಮೆರಿಕದವರು ಅದನ್ನು ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್ ಅಂತ ಎಲ್ಲರಿಗೂ ಕಲಿಸಿದರು, ಇಷ್ಟು ತಿಳಿಯಿತು. ಐದು ನಿಮಿಷದಲ್ಲಿ ಹೇಳಬಹುದಿತ್ತು. ಟೊಯೊಟಾ ನಮಗೇನು ದೂರದ್ದಲ್ಲ, ಬೆಂಗಳೂರಿಗೆ ಹೋಗುವಾಗ ಬಿಡದಿಯಲ್ಲಿ ಸಿಗುತ್ತದೆ. ಆದರೆ ಪೇಸ್ಟಿಂಗ್ ಮಾಡುವ ಹೆಂಗಸರನ್ನು ಕೆಲಸ ಬಿಡಿಸಿ ಕೂರಿಸಿ ಕಾರಿನ ಬಾಗಿಲು ತೋರಿಸಿದರೆ ಏನು ಬಂತು? ಇಬ್ಬರು ತೂಕಡಿಸಿದರು. ನನಗೂ ಕಣ್ಣು ಎಳೆಯುತ್ತಿತ್ತು.

ಟೀ ಆದ ಮೇಲೆ ಮನುಷ್ಯ ಬೇರೆಯೇ ಆದರು. ಲ್ಯಾಪ್‌ಟಾಪ್ ಮುಚ್ಚಿ, ಎ3 ಹಾಳೆ, ಪೆನ್ಸಿಲ್, ರಬ್ಬರ್, ಸ್ಟಾಪ್‌ವಾಚ್ ತೆಗೆದು, "ಬನ್ನಿ ಮೇಡಂ, ನಡೆಯೋಣ" ಅಂದರು. ಅಲ್ಲಿಂದ ಬಾಯಿಗೆ ಕನ್ನಡ ಬಂತು, ಕೆಲಸವೂ ಶುರುವಾಯಿತು.

ನಡೆದದ್ದು ಉಲ್ಟಾ. ಬೋರ್ಡ್ ಬರುವ ಗೋಡೌನಿಂದ ಅಲ್ಲ, ಮಾಲು ಹೊರಗೆ ಹೋಗುವ ಶಟರಿಂದ. ಗಿರಾಕಿಗೆ ಏನು ಬೇಕು, ಎಷ್ಟು ಬೇಕು, ಯಾವತ್ತು ಬೇಕು ಅನ್ನುವುದನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ. ಪ್ರತಿ ಜಾಗದಲ್ಲೂ ಅದೇ ಪ್ರಶ್ನೆಗಳು. ಇಲ್ಲಿ ಒಂದು ಶೀಟಿಗೆ ಎಷ್ಟು ಹೊತ್ತು? ಒಂದು ಜಾಬ್‌ನಿಂದ ಇನ್ನೊಂದಕ್ಕೆ ಬದಲಾಯಿಸಲು ಎಷ್ಟು ಹೊತ್ತು? ಎಷ್ಟು ಜನ? ಮುಂದೆ ಏನು ಮಾಡಬೇಕು ಅಂತ ನಿಮಗೆ ಯಾರು ಹೇಳುತ್ತಾರೆ? ಈ ಕೊನೆಯ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದರು. ಪ್ರಿಂಟರ್ ಕೈ ತೋರಿಸಿದ್ದು ನನ್ನ ಕಡೆ. ಪಂಚಿಂಗ್‌ನವನು ಕೈ ತೋರಿಸಿದ್ದು ನನ್ನ ಕಡೆ. ಪೇಸ್ಟಿಂಗ್‌ನ ಅಕ್ಕನೂ ನನ್ನ ಕಡೆಯೇ.

ಈ ನಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಒಂದು ಗುರುತು ಇದೆ. ಕೆಲಸ ನಡೆಯುವ ಜಾಗಕ್ಕೆ ಚೌಕ, ಅದರ ಕೆಳಗೆ ಅಂಕಿಗಳ ಪಟ್ಟಿ. ರಾಶಿ ಬಿದ್ದಿರುವ ಕಡೆ ತ್ರಿಕೋನ. ಲಾರಿಗೆ ಲಾರಿ ಚಿತ್ರ. ಬಾಯಲ್ಲೋ ಕಾಗದದಲ್ಲೋ ಹೋಗುವ ಮಾಹಿತಿಗೆ ನೇರ ಬಾಣ, ಫೋನು ಕಂಪ್ಯೂಟರಲ್ಲಿ ಹೋಗುವುದಕ್ಕೆ ಮಿಂಚಿನ ಥರ ಅಂಕುಡೊಂಕು ಬಾಣ. ಮುಂದಿನವರಿಗೆ ಬೇಕೋ ಬೇಡವೋ ನೋಡದೆ ತಳ್ಳುವುದಕ್ಕೆ ಪಟ್ಟೆ ಪಟ್ಟೆ ಬಾಣ. ಇದರಲ್ಲಿ ಒಂದು ಕನ್ನಡಕದ ಗುರುತೂ ಇದೆ. ಯಾರೋ ಒಬ್ಬರು ಖುದ್ದು ಹೋಗಿ, ಕಣ್ಣಾರೆ ನೋಡಿ, ಆಮೇಲೆ ಪ್ಲಾನ್ ಬದಲಾಯಿಸುತ್ತಾರಲ್ಲ, ಆ ಜಾಗಕ್ಕೆ ಅದು. ನಮ್ಮ ನಕ್ಷೆಯಲ್ಲಿ ಪ್ರಿಂಟಿಂಗ್ ಪಕ್ಕ ಒಂದು ಕನ್ನಡಕ, ಪಂಚಿಂಗ್ ಪಕ್ಕ ಒಂದು, ಪೇಸ್ಟಿಂಗ್ ಪಕ್ಕ ಒಂದು, ಡಿಸ್‌ಪ್ಯಾಚ್ ಪಕ್ಕ ಒಂದು. ಹುಡುಗರು ನಗುತ್ತಾ, "ಇದು ನೀವೇ ಅಕ್ಕ" ಅಂದರು. ನಾನು ಒಂದು ದಿನ ರಜಾ ಹಾಕಿದರೆ ಕೆಲಸ ಯಾಕೆ ನಿಲ್ಲುತ್ತದೆ ಅನ್ನುವುದು ಆ ನಾಲ್ಕು ಕನ್ನಡಕದಲ್ಲಿ ಇತ್ತು. ಅಣ್ಣನಿಗೆ ನಾನು ವರ್ಷಗಟ್ಟಲೆ ಬಾಯಲ್ಲಿ ಹೇಳಿ ಅರ್ಥ ಮಾಡಿಸಲು ಆಗದ ವಿಷಯ.

ಸ್ಟಾಪ್‌ವಾಚ್ ಕಂಡ ಕೂಡಲೇ ಪೇಸ್ಟಿಂಗ್ ಹೆಂಗಸರ ಮುಖ ಬಿಗಿಯಾಯಿತು. ಅವರಿಗೆ ಸಾವಿರಕ್ಕಿಷ್ಟು ಅಂತ ಕೂಲಿ. ಟೈಮ್ ಹಿಡಿಯುತ್ತಾರೆ ಅಂದರೆ ರೇಟ್ ಇಳಿಸುತ್ತಾರೆ ಅಂತಲೇ ಲೆಕ್ಕ. ಕೈ ಬೇಕೆಂದೇ ನಿಧಾನ ಆಯಿತು. ಇವರು ವಾಚನ್ನು ಅಲ್ಲಿದ್ದ ಹಿರಿಯ ಅಕ್ಕನ ಕೈಗೇ ಕೊಟ್ಟು, "ನಾನು ಅಳೆಯೋದು ಡಬ್ಬಿನ ಕಣಮ್ಮ, ನಿಮ್ಮನ್ನಲ್ಲ. ಈ ಡಬ್ಬಿ ನಿಮ್ಮ ಕೈಗೆ ಬರೋ ಮುಂಚೆ ಎಷ್ಟು ಹೊತ್ತು ಸುಮ್ನೆ ಬಿದ್ದಿತ್ತು ಅಂತ ನೀವೇ ನೋಡಿ ಹೇಳಿ" ಅಂದರು. ಆಮೇಲೆ ಆ ಅಕ್ಕನದೇ ದರ್ಬಾರು. ಪಂಚಿಂಗ್‌ನಿಂದ ಮಾಲು ಬರುವುದು ಎಷ್ಟು ತಡ, ವೇಸ್ಟ್ ಸರಿಯಾಗಿ ಬಿಡಿಸದೆ ಕಳಿಸಿದರೆ ಎಷ್ಟು ಹೊತ್ತು ಹಾಳು, ಎಲ್ಲ ಹೊರಗೆ ಬಂತು. ನೀವು ಯಾರನ್ನೇ ಕರೆಸಿ, ವಾಚ್ ಯಾಕೆ ಅನ್ನುವುದನ್ನು ಮೊದಲೇ ನಿಮ್ಮ ಬಾಯಿಂದಲೇ ಹೇಳಿಬಿಡಿ. ರೇಟ್ ಇಳಿಸಲ್ಲ ಅಂತಲೂ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ.

ಈಗ ಪಂಚಿಂಗ್ ಲೆಕ್ಕಕ್ಕೆ ಬರುತ್ತೇನೆ. ನಾವು 40,000 ಕೊಟ್ಟದ್ದು ಇದಕ್ಕೇ ಅಂತ ಇಟ್ಟುಕೊಳ್ಳಿ.

ನಮ್ಮ ಶಿಫ್ಟು ಎಂಟೂವರೆಯಿಂದ ಐದು. ಊಟ, ಎರಡು ಟೀ ಕಳೆದರೆ ಕೈಗೆ ಸಿಗುವುದು 450 ನಿಮಿಷ, ಅಂದರೆ 27,000 ಸೆಕೆಂಡು. ಗಿರಾಕಿಗಳ ಆರ್ಡರ್ ಪ್ರಕಾರ ದಿನಕ್ಕೆ ಪಂಚ್ ಆಗಬೇಕಾದದ್ದು ಸರಾಸರಿ 4,500 ಶೀಟು. ಭಾಗಿಸಿದರೆ ಒಂದು ಶೀಟಿಗೆ 6 ಸೆಕೆಂಡು. ಇದಕ್ಕೆ ಟ್ಯಾಕ್ಟ್ ಟೈಮ್ ಅನ್ನುತ್ತಾರೆ. ಗಿರಾಕಿ ಯಾವ ವೇಗದಲ್ಲಿ ಕೇಳುತ್ತಿದ್ದಾನೋ ಆ ವೇಗ. ನಮ್ಮ ಹಳೇ ಪಂಚಿಂಗ್ ಮಷೀನು ಕೈಯಲ್ಲಿ ಶೀಟ್ ಕೊಡುವಂಥದ್ದು, ಗಂಟೆಗೆ ಸುಮಾರು 1,000 ಇಂಪ್ರೆಷನ್. ಅಂದರೆ ಶೀಟಿಗೆ 3.6 ಸೆಕೆಂಡು. ಬೇಕಾದದ್ದು 6, ಆಗುತ್ತಿರುವುದು 3.6. ಮಷೀನು ನಿಧಾನ ಅಲ್ಲವೇ ಅಲ್ಲ!

ಹಾಗಾದರೆ ರಾಶಿ ಯಾಕೆ? 4,500 ಶೀಟು ಹೊಡೆಯಲು ಬೇಕಾದದ್ದು 270 ನಿಮಿಷ. ದಿನಕ್ಕೆ ನಾಲ್ಕು ಸಲ ಡೈ ಬದಲಾಗುತ್ತದೆ, ಒಂದೊಂದಕ್ಕೂ 50 ನಿಮಿಷ. ಅಲ್ಲಿಗೆ 200. ಎರಡೂ ಸೇರಿ 470. ಇರುವುದು 450. ದಿನಕ್ಕೆ ಬರೀ 20 ನಿಮಿಷದ ಕೊರತೆ. ಆದರೆ ದಿನಾ ಇದೆಯಲ್ಲ, ವಾರಕ್ಕೆ ಎರಡು ಗಂಟೆ ಹಿಂದೆ ಬೀಳುತ್ತದೆ, ರಾಶಿ ಬೆಳೆಯುತ್ತಾ ಹೋಗುತ್ತದೆ, ಭಾನುವಾರ ಓಟಿ ಹಾಕಿ ಒಂದಿಷ್ಟು ಕರಗಿಸುತ್ತೇವೆ, ಸೋಮವಾರದಿಂದ ಮತ್ತೆ ಅದೇ.

ಆ 50 ನಿಮಿಷವನ್ನು ಬಿಡಿಸಿ ನೋಡಿದೆವು. ಮಷೀನ್ ನಿಲ್ಲಿಸಿದ ಮೇಲೆ ಹುಡುಗ ಡೈ ಹುಡುಕಲು ಹೋಗುತ್ತಿದ್ದ. ಡೈಗಳೆಲ್ಲ ಗೋಡೆಗೆ ಒರಗಿಸಿದ್ದವು, ಒಂದರ ಮೇಲೊಂದು, ಮೇಲೆ ಸ್ಕೆಚ್ ಪೆನ್ನಿನಲ್ಲಿ ಗಿರಾಕಿ ಹೆಸರು, ಅರ್ಧ ಅಳಿಸಿದ್ದು. ಸಿಕ್ಕಿದ ಮೇಲೆ ಸ್ಯಾಂಪಲ್ ಡಬ್ಬಿ ಕೇಳಲು ಆಫೀಸಿಗೆ ಬರುತ್ತಿದ್ದ. ಆಮೇಲೆ ಫ್ರೇಮಿಗೆ ಕಟ್ಟುವುದು. ಆಮೇಲೆ ಹೊಡೆದು ನೋಡಿ ಎಲ್ಲಿ ಕಟ್ ಆಗಿಲ್ಲವೋ ಅಲ್ಲಿ ಹಿಂದೆ ತೆಳು ಕಾಗದ ಅಂಟಿಸುತ್ತಾ ಪ್ರೆಷರ್ ಸರಿ ಮಾಡುವುದು. ಇದರಲ್ಲಿ ಮಷೀನ್ ನಿಂತಿರಲೇಬೇಕಾದ ಕೆಲಸ ಕಟ್ಟುವುದು ಮತ್ತು ಪ್ರೆಷರ್ ಸರಿ ಮಾಡುವುದು ಮಾತ್ರ. ಹುಡುಕುವುದು, ಕೇಳುವುದು ಎಲ್ಲ ಹಿಂದಿನ ಜಾಬ್ ಓಡುತ್ತಿರುವಾಗಲೇ ಆಗಬಹುದು. ಜಪಾನಿನ ಶಿಗೆಯೊ ಶಿಂಗೊ ಕಾರಿನ ಪ್ರೆಸ್‌ಗಳಲ್ಲಿ ಡೈ ಬದಲಾಯಿಸುವುದಕ್ಕೆ ಹೇಳಿದ ಸೂತ್ರವೂ ಇದೇ. ಮಷೀನ್ ನಿಂತಾಗ ಮಾಡುವುದನ್ನೂ ಓಡುವಾಗ ಮಾಡಬಹುದಾದದ್ದನ್ನೂ ಬೇರೆ ಮಾಡು.

ಡೈಗಳಿಗೆ ನಂಬರ್ ಹಾಕಿ ಸ್ಟ್ಯಾಂಡ್ ಮಾಡಿಸಿದೆವು. ನಂಬರನ್ನು ಜಾಬ್ ಕಾರ್ಡಲ್ಲೂ (ಆ ಕೆಲಸದ ವಿವರ ಇರುವ ಚೀಟಿ) ಬರೆದೆವು. ಪ್ರೆಷರ್‌ಗೆ ಅಂಟಿಸಿದ ಶೀಟನ್ನು ಹರಿದು ಬಿಸಾಕದೆ ಡೈ ಜೊತೆಗೇ ಎತ್ತಿಡುತ್ತಾರೆ, ಅದೇ ಜಾಬ್ ಮತ್ತೆ ಬಂದಾಗ ಅರ್ಧ ಕೆಲಸ ಉಳಿಯುತ್ತದೆ. ಈಗ 25 ನಿಮಿಷದ ಆಜುಬಾಜು ನಿಂತಿದೆ. ನಾಲ್ಕು ಸಲಕ್ಕೆ 100, ಓಡುವುದು 270, ಒಟ್ಟು 370. ಸ್ಟ್ಯಾಂಡ್ ವೆಲ್ಡಿಂಗ್‌ನವನಿಗೆ ಕೊಟ್ಟದ್ದು ಬಿಟ್ಟರೆ ಖರ್ಚಿಲ್ಲ. ಎರಡನೇ ಮಷೀನ್ ಕೊಟೇಶನ್ ಇನ್ನೂ ಅಣ್ಣನ ಡ್ರಾಯರಲ್ಲಿ ಇದೆ, ಲೋನ್ ಮಾತ್ರ ತಗೊಳ್ಳಲಿಲ್ಲ. ಭಾನುವಾರದ ಓಟಿಯೂ ನಿಂತಿದೆ. ಇದರಿಂದ ಹುಡುಗರಿಗೆ ಕೈಗೆ ಬರುವ ದುಡ್ಡು ಕಡಿಮೆಯಾಗಿ ಸ್ವಲ್ಪ ಗೊಣಗಾಟ ಆಯಿತು. ದೀಪಾವಳಿ ಬೋನಸ್‌ನಲ್ಲಿ ಅಷ್ಟಿಷ್ಟು ಸರಿ ಮಾಡಿದೆವು. ಕನ್ಸಲ್ಟೆಂಟ್‌ಗಳು ಈ ಭಾಗ ಹೇಳುವುದಿಲ್ಲ, ಗೊತ್ತಿರಲಿ.

ಎರಡನೇ ದಿನ ಇನ್ನೊಂದು ವಿಷಯ ಬಯಲಾಯಿತು, ಪಂಚಿಂಗಿಗಿಂತ ದೊಡ್ಡದು. ನಕ್ಷೆಯ ಕೆಳಗಡೆ ಮೆಟ್ಟಿಲಿನಂಥ ಒಂದು ಗೆರೆ ಎಳೆಯುತ್ತಾರೆ. ಕಾಯುವ ಸಮಯ ಮೇಲಿನ ಮೆಟ್ಟಿಲಲ್ಲಿ, ಕೆಲಸದ ಸಮಯ ಕೆಳಗಿನದರಲ್ಲಿ. 20,000 ಹೆಕ್ಸಾ ಪ್ಯಾಕಿನ ಒಂದು ಜಾಬ್ ಹಿಡಿದೆವು. ಆರ್ಡರ್ ಬಂದ ದಿನದಿಂದ ಲಾರಿ ಹತ್ತುವ ತನಕ 14 ದಿನ. ಅದರಲ್ಲಿ ಕೈ ಅಥವಾ ಮಷೀನು ಆ ಡಬ್ಬಿ ಮೇಲೆ ನಿಜವಾಗಿ ಕೆಲಸ ಮಾಡಿದ್ದು ಒಟ್ಟು 10 ಗಂಟೆ ಇರಬಹುದು. ಪಂಚಿಂಗ್ ಮುಂದೆ ಕಾದದ್ದು 3 ದಿನ. ಇದನ್ನು ಹುಡುಕಲು ಕ್ಯಾಲೆಂಡರ್ ಬೇಕಿಲ್ಲ, ಅಲ್ಲಿ ಬಿದ್ದಿದ್ದ 13,500 ಶೀಟನ್ನು ದಿನದ 4,500ರಿಂದ ಭಾಗಿಸಿದರೆ ಆಯಿತು. ಹೊಸದಾಗಿ ಬಂದ ಶೀಟಿಗೆ ಅಷ್ಟು ದಿನ ಪಾಳಿ. ಲ್ಯಾಮಿನೇಷನ್‌ಗೆ ಹೋಗಿ ಬರಲು 2 ದಿನ. ಉಳಿದದ್ದು ಬಿಡಿಬಿಡಿ. ಪ್ರಿಂಟಿಂಗಿಗೆ ಬೇಕಾದ ಪ್ಲೇಟ್ ಮಾಡಿಸುವ ಮುಂಚೆಯೇ ಹೋದದ್ದು 5 ದಿನ.

ಆ ಐದು ದಿನ ಯಾವ ಮಷೀನಿನದ್ದೂ ಅಲ್ಲ. ಶಾಪ್ ಫ್ಲೋರಲ್ಲಿ ಎಷ್ಟು ನಡೆದರೂ ಕಾಣುವುದಿಲ್ಲ. ನಕ್ಷೆಯ ಮೇಲ್ಭಾಗದಲ್ಲಿ, ಅಂಕುಡೊಂಕು ಬಾಣಗಳ ನಡುವೆ ಇತ್ತು. ಗಿರಾಕಿ ವಾಟ್ಸಾಪಲ್ಲಿ ಡಿಸೈನ್ ಕಳಿಸುತ್ತಾರೆ. ಅದರಲ್ಲಿ ಎಂಆರ್‌ಪಿ ಹಳೆಯದು. ಕೇಳಿದರೆ, "ಸಾಹೇಬ್ರನ್ನ ಕೇಳಿ ಹೇಳ್ತೀನಿ". ಮರುದಿನ ಎಂಆರ್‌ಪಿ ಬರುತ್ತದೆ, ಬಾರ್‌ಕೋಡ್ ಬಂದಿರುವುದಿಲ್ಲ. ಪ್ರೂಫ್ ಕಳಿಸಿದರೆ ಫೋನ್ ಸ್ಕ್ರೀನಲ್ಲಿ ನೋಡಿ "ಕೆಂಪು ಸ್ವಲ್ಪ ಡಲ್ ಆಯ್ತು" ಅನ್ನುತ್ತಾರೆ. ಕನ್ಸಲ್ಟೆಂಟ್ ನನ್ನ ಫೋನ್ ಇಸಿದುಕೊಂಡು ಹಿಂದಿನ ಜಾಬ್‌ಗಳ ಚಾಟ್ ತೆಗೆಸಿ ಒಂದೇ ಲೆಕ್ಕ ಮಾಡಿಸಿದರು. ಏನೂ ಕೇಳದೆ ನೇರ ಪ್ಲೇಟಿಗೆ ಕಳಿಸಬಹುದಾದ ಡಿಸೈನ್ ಎಷ್ಟು ಬಂದಿದೆ? ಹತ್ತರಲ್ಲಿ ಮೂರೋ ನಾಲ್ಕೋ ಅಷ್ಟೇ. ಆಫೀಸ್ ಕೆಲಸಕ್ಕೆ ನಕ್ಷೆ ಹಾಕುವಾಗ ಸೆಕೆಂಡಿಗಿಂತ ಈ ಅಳತೆ ಮುಖ್ಯವಂತೆ, ಮೊದಲ ಸಲಕ್ಕೇ ಪೂರ್ತಿಯಾಗಿ, ಸರಿಯಾಗಿ ಬಂದದ್ದು ಎಷ್ಟು ಪಾಲು ಅನ್ನುವುದು.

ಇದಕ್ಕೆ ಮಾಡಿದ್ದು ಒಂದು ಪುಟದ ಫಾರಂ. ಎಂಆರ್‌ಪಿ, ನಿವ್ವಳ ತೂಕ ಅಥವಾ ಕಡ್ಡಿ ಸಂಖ್ಯೆ, ತಯಾರಕರ ವಿಳಾಸ, ಕಸ್ಟಮರ್ ಕೇರ್ ನಂಬರು, ಬಾರ್‌ಕೋಡು. ಇದರಲ್ಲಿ ಬಾರ್‌ಕೋಡ್ ಬಿಟ್ಟು ಮಿಕ್ಕದ್ದೆಲ್ಲ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಹೇಗೂ ಡಬ್ಬಿ ಮೇಲೆ ಇರಲೇಬೇಕಾದದ್ದು. ಫಾರಂ ತುಂಬದೆ ಜಾಬ್ ಕಾರ್ಡ್ ತೆಗೆಯುವುದಿಲ್ಲ. ಬಣ್ಣಕ್ಕೆ ಹಿಂದಿನ ಸಲ ಒಪ್ಪಿದ ಪ್ರಿಂಟನ್ನೇ ಗಿರಾಕಿ ಸಹಿ ಹಾಕಿಸಿ ಇಟ್ಟುಕೊಳ್ಳುತ್ತೇವೆ, ಫೋನ್ ಸ್ಕ್ರೀನ್ ಮಾತೇ ಇಲ್ಲ. ಮೊದಮೊದಲು ಒಬ್ಬಿಬ್ಬರು, "ಏನ್ರೀ, ಸರ್ಕಾರಿ ಆಫೀಸ್ ಮಾಡ್ಕೊಂಡಿದೀರಾ?" ಅಂತ ರೇಗಿದರು. ಡಬ್ಬಿ ಬೇಗ ಕೈ ಸೇರಿದ ಮೇಲೆ ಸುಮ್ಮನಾದರು. 5 ದಿನ ಇದ್ದದ್ದು ಈಗ 2 ದಿನ. ಪಂಚಿಂಗ್ ಮುಂದಿನ 3 ಈಗ 1. ಒಟ್ಟು 14 ದಿನದ ಜಾಬ್ 9 ದಿನಕ್ಕೆ ಬಂದಿದೆ.

ಕೆಲಸಕ್ಕೆ ಬಾರದ ಸಲಹೆಗಳೂ ಇದ್ದವು. ಲ್ಯಾಮಿನೇಷನ್‌ಗೆ ಆಟೋ ತುಂಬುವ ತನಕ ಕಾಯಬೇಡಿ, ದಿನಾ ಹನ್ನೊಂದಕ್ಕೆ ಎಷ್ಟಿದೆಯೋ ಅಷ್ಟು ಕಳಿಸಿ ಅಂದರು. ಕಳಿಸಿದೆವು. ಅಲ್ಲಿ ಅವರದ್ದೇ ಕ್ಯೂ ಇದೆ, ನಮ್ಮ ಮಾಲು ಇಲ್ಲಿ ಕಾಯುವ ಬದಲು ಅಲ್ಲಿ ಕಾದು ಕೂತಿತು. ಆಟೋ ಬಾಡಿಗೆ ಜಾಸ್ತಿ ಆದದ್ದಷ್ಟೇ ಲಾಭ. ಆ ಎರಡು ದಿನ ಇವತ್ತಿಗೂ ಎರಡೇ. ಬೋರ್ಡಿಗೆ ಸೂಪರ್‌ಮಾರ್ಕೆಟ್ ಥರ ರ‍್ಯಾಕ್ ಇಟ್ಟು ಖಾಲಿ ಆದಷ್ಟೇ ತರಿಸಿ ಅಂದರು. ನಮ್ಮಲ್ಲಿ ಒಬ್ಬೊಬ್ಬ ಗಿರಾಕಿಗೂ ಬೇರೆ ಅಳತೆ, ಬೇರೆ ಜಿಎಸ್‌ಎಂ (ಬೋರ್ಡಿನ ತೂಕದ ಅಳತೆ). ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇಟ್ಟರೆ ಗೋಡೌನ್ ಬಾಡಿಗೆ ಯಾರು ಕೊಡೋದು?

ಇಂಕ್ ಒಣಗುವ ಒಂದು ದಿನವನ್ನೂ ಮೊದಲು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ವ್ಯರ್ಥ ಅಂದರು. ನಮ್ಮ ಪ್ರಿಂಟರ್ ಸುಮ್ಮನಿರಲಿಲ್ಲ. "ಸಾರ್, ಒಣಗದೆ ಲ್ಯಾಮಿನೇಷನ್ ಹಾಕಿದ್ರೆ ಪ್ಲಾಸ್ಟಿಕ್ ಎದ್ದು ಬರುತ್ತೆ. ನಾಳೆ ಗಿರಾಕಿ ಬಂದ್ರೆ ನೀವಿರ್ತೀರಾ?" ಕನ್ಸಲ್ಟೆಂಟ್ ನಕ್ಕು, ರಬ್ಬರಲ್ಲಿ ಅಳಿಸಿ, ಮಾಲಿಗೆ ಬೆಲೆ ಸೇರಿಸದಿದ್ದರೂ ಬಿಡಲಾಗದ್ದು ಅನ್ನುವ ಕಡೆ ಬರೆದರು. ಇದು ನನಗೆ ಹಿಡಿಸಿತು. ಹೇಳಿದ್ದನ್ನು ಕೇಳಿಸಿಕೊಂಡು ಅಳಿಸುವವರು ಕಡಿಮೆ. ಪೆನ್ಸಿಲ್ ಇರುವುದರಿಂದ ಅಳಿಸಲು ಸಂಕೋಚವೂ ಇಲ್ಲ.

ಪ್ರಿಂಟಿಂಗ್ ಮತ್ತು ಪಂಚಿಂಗ್ ನಡುವೆ ನೆಲಕ್ಕೆ ಹಳದಿ ಪೇಂಟಲ್ಲಿ ಮೂರು ಚೌಕ ಹಾಕಿಸಿದರು. ಮೂರು ಪ್ಯಾಲೆಟ್ ತುಂಬಿದರೆ ಪ್ರಿಂಟಿಂಗ್ ನಿಲ್ಲಬೇಕು, ಮೊದಲು ಬಂದದ್ದು ಮೊದಲು ಹೋಗಬೇಕು. ಇದಕ್ಕೆ ಅಣ್ಣ ಒಪ್ಪಲು ಬಹಳ ಹೊತ್ತು ಹಿಡಿಯಿತು. "ಏನಮ್ಮಾ, ಇಎಂಐ ಕಟ್ತಿರೋ ಮಷೀನ್‌ನ ನಾನೇ ನಿಲ್ಲಿಸ್ಲಾ?" ಅಂತ ನನ್ನ ಮೇಲೆ ಹಾರಾಡಿದ. ಅವನ ಸಂಕಟ ಸುಳ್ಳಲ್ಲ. ಗಂಟೆಗೆ 6,000 ಶೀಟು ಹೊಡೆಯುವ ಮಷೀನು ಸುಮ್ಮನೆ ನಿಂತರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಪ್ರಿಂಟ್ ಆಗಿ ರಾಶಿ ಬಿದ್ದ ಶೀಟಿಗೆ ಯಾರೂ ಬಿಲ್ ಕೊಡಲ್ಲ. ಆಯುಧಪೂಜೆಗೆ ಪ್ರೆಸ್ ತೊಳೆಯುವಾಗ ಪ್ರತಿ ವರ್ಷ ಮೂಲೆಯಲ್ಲಿ ಎಂಆರ್‌ಪಿ ಬದಲಾಗಿ ರದ್ದಿಗೆ ಹಾಕಬೇಕಾದ ಕಟ್ಟುಗಳು ಸಿಗುತ್ತವೆ. "ಇರಲಿ" ಅಂತ ಜಾಸ್ತಿ ಹೊಡೆದದ್ದು. ಹಳದಿ ಚೌಕ ಬಂದ ಮೇಲೆ ಆ ಕಟ್ಟುಗಳು ಕಡಿಮೆ ಆಗಿವೆ. ಹಾಗಂತ ಅಣ್ಣ ಪೂರ್ತಿ ಒಪ್ಪಿದ್ದಾನೆ ಅಂತಲ್ಲ. ನಾನಿಲ್ಲದ ದಿನ ನಾಲ್ಕನೇ ಪ್ಯಾಲೆಟ್ ಕಾಣಿಸಿಕೊಳ್ಳುತ್ತದೆ.

ಒಂದು ಸ್ಟಾರ್ ಕಳೆದದ್ದು ಯಾಕೆ ಅಂದರೆ, ಮೊದಲನೆಯದು ಆ ಸ್ಲೈಡು. ಎರಡನೆಯದು ರಿಪೋರ್ಟಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ ಶೇಕಡಾ ಲೆಕ್ಕ. ಒಂದು ಡಬ್ಬಿ ಮೇಲೆ ನಡೆಯುವ ಕೆಲಸ ಕೆಲವೇ ಸೆಕೆಂಡು, ಅದನ್ನು 14 ದಿನದಿಂದ ಭಾಗಿಸಿ, ಸೊನ್ನೆ ಬಿಂದು ಸೊನ್ನೆ ಸೊನ್ನೆ ಅಂತ ಏನೋ ತೋರಿಸಿ ಹೆದರಿಸಿದರು. 20,000 ಡಬ್ಬಿ ಒಟ್ಟಿಗೆ ಹೋಗುವ ಪ್ರೆಸ್ಸಲ್ಲಿ ಒಂದೇ ಡಬ್ಬಿಯ ಸೆಕೆಂಡು ಹಿಡಿದರೆ ಹಾಗೇ ಬರುತ್ತದೆ. ಪೂರ್ತಿ ಜಾಬ್‌ನ 10 ಗಂಟೆ ಹಿಡಿದು, ನಾವು ಬಾಗಿಲು ತೆರೆದಿರುವ ಗಂಟೆಗಳಿಗೆ ಹೋಲಿಸಿದರೆ ಶೇಕಡಾ ಹತ್ತರ ಹತ್ತಿರ ಬರುತ್ತದೆ. ಅದೂ ನಾಚಿಕೆ ಪಡುವಷ್ಟಿದೆ, ಸುಳ್ಳು ಭಯ ಬೇಕಿಲ್ಲ. ಮೂರನೆಯದು ಸಾಫ್ಟ್‌ವೇರ್. ನಕ್ಷೆ ಬರೆಯಲು ಒಂದು ಆ್ಯಪ್ ಇದೆ, ತಿಂಗಳಿಗಿಷ್ಟು ಕಟ್ಟಿ ಅಂತ ಕೊನೆಯಲ್ಲಿ ಗಂಟುಬಿದ್ದರು. ಬೇಡವೇ ಬೇಡ. ಎ3 ಹಾಳೆ ಗೋಡೆ ಮೇಲೆ ಇದ್ದರೆ ಟೀ ಕುಡಿಯುತ್ತಾ ಯಾರಾದರೂ ಬೆರಳಿಟ್ಟು ಮಾತಾಡುತ್ತಾರೆ. ಕಂಪ್ಯೂಟರ್ ಒಳಗೆ ಹೋದರೆ ಅದು ನನ್ನದು ಮಾತ್ರ ಆಗುತ್ತದೆ.

ಇನ್ನು ತಿಂಗಳಾದ ಮೇಲೆ ಬರಬೇಕಿದ್ದವರು ಬಂದದ್ದು ಬಹಳ ತಡವಾಗಿ. ಬಂದವರೂ ಮಧ್ಯಾಹ್ನ ಊಟದ ಹೊತ್ತಿಗೆ ಹೊರಟರು. ಅವರು ಹೇಳಿಕೊಟ್ಟಿದ್ದ ಆಡಿಟ್ ಶೀಟು (ತಪಾಸಣೆ ಪಟ್ಟಿ), ಬೇಡದ ಸಾಮಾನಿಗೆ ಅಂಟಿಸುವ ಕೆಂಪು ಚೀಟಿ ಎಲ್ಲ ಅಷ್ಟರಲ್ಲಿ ನಿಂತುಹೋಗಿತ್ತು. ಅದನ್ನು ನೋಡಿ ಏನೂ ಅನ್ನಲಿಲ್ಲ. ಬಯ್ಯಬಹುದಿತ್ತು, ಅದಕ್ಕೇ ತಾನೇ ದುಡ್ಡು ಕೊಟ್ಟಿರೋದು?

ಯಾರಿಗೆ ಇದು ಬೇಕು, ಯಾರಿಗೆ ಬೇಡ? ಮಂಡ್ಯ ಹತ್ತಿರ ಬೆಲ್ಲದ ಪುಡಿ ಪ್ಯಾಕ್ ಮಾಡುವ ನನ್ನ ಗೆಳತಿ ಕೇಳಿದಳು. ಅವಳದ್ದು ಒಂದೇ ಸಾಮಾನು, ಒಂದೇ ಸಾಲು, ಬಾಗಿಲಲ್ಲಿ ನಿಂತರೆ ಎಲ್ಲ ಕಾಣುತ್ತದೆ. ಅವಳಿಗೆ ಹಾಳೆ ಪೆನ್ಸಿಲ್ ಸಾಕು, ಕನ್ಸಲ್ಟೆಂಟ್ ಬೇಡ ಅಂದೆ. ಸರಸ್ವತಿಪುರಂನಲ್ಲಿ ರಕ್ತ ಪರೀಕ್ಷೆ ಲ್ಯಾಬ್ ನಡೆಸುವ ನೆಂಟರೊಬ್ಬರಿಗೆ ಮಾತ್ರ ಮಾಡಿಸಿ ಅಂದಿದ್ದೇನೆ. ಟ್ಯೂಬ್ ಕೈಗೆ ಬಂದು ರಿಪೋರ್ಟ್ ಹೋಗುವ ನಡುವೆ ಏನಾಗುತ್ತದೆ ಅಂತ ಅವರಿಗೇ ಗೊತ್ತಿಲ್ಲ. ನಮ್ಮ ಹಾಗೆ ಹತ್ತಾರು ಥರದ ಕೆಲಸ ಮಾಡುವವರು ಎಲ್ಲದಕ್ಕೂ ಒಂದೇ ನಕ್ಷೆ ಹಾಕಲು ಹೋಗಬೇಡಿ, ಗೋಜಲಾಗುತ್ತದೆ. ಯಾವ ಸಾಮಾನು ಯಾವ ಮಷೀನ್ ಮುಟ್ಟುತ್ತದೆ ಅಂತ ಟಿಕ್ ಹಾಕಿ, ಒಂದೇ ದಾರಿ ಹಿಡಿಯುವುದನ್ನು ಒಂದು ಗುಂಪು ಮಾಡಿ, ಜಾಸ್ತಿ ದುಡ್ಡು ತರುವ ಗುಂಪಿಗೆ ಮೊದಲು ಹಾಕಿ.

ದುಡ್ಡಿನ ವಿಷಯದಲ್ಲಿ ಒಂದು ಮಾತು. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಗಳಿಗೆ ಕೇಂದ್ರ ಸರ್ಕಾರದ ಎಂಎಸ್‌ಎಂಇ ಕಾಂಪಿಟಿಟಿವ್ ಲೀನ್ ಸ್ಕೀಮ್ ಇದೆ (ಲೀನ್ ಅಂದರೆ ಹೀಗೆ ವ್ಯರ್ಥ ಹುಡುಕಿ ಕಡಿಮೆ ಮಾಡುವ ಪದ್ಧತಿ), 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಶುರುವಾದದ್ದು. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಹಂತ. ಕನ್ಸಲ್ಟೆಂಟ್ ಖರ್ಚಿನಲ್ಲಿ 90% ಸರ್ಕಾರದ್ದು. ನಮ್ಮಣ್ಣನಿಗೆ ಫಾರಂ, ಪೋರ್ಟಲ್ ಅಂದರೆ ಅಲರ್ಜಿ, ಬ್ಯಾಂಕಿನವರು ಬೇರೆ ಅವಸರ ಮಾಡುತ್ತಿದ್ದರು, ಅದಕ್ಕೆ ನಾವು ಕೈಯಿಂದ ಕೊಟ್ಟೆವು. ನಿಮಗೆ ಸಮಯ ಇದ್ದರೆ ಮೊದಲು ಅದನ್ನು ನೋಡಿ.

ಕರೆಸುವ ಮುಂಚೆ ಕನ್ಸಲ್ಟೆಂಟ್‌ಗೆ ಕೇಳಬೇಕಾದ್ದು: ಶಾಪ್ ಫ್ಲೋರಲ್ಲಿ ಎಷ್ಟು ಗಂಟೆ ಇರುತ್ತೀರಿ, ಕನ್ನಡದಲ್ಲಿ ಮಾತಾಡುತ್ತೀರಾ, ಆಫೀಸಿನ ಫೋನು ಚಾಟನ್ನೂ ನೋಡುತ್ತೀರಾ, ಮತ್ತೆ ಬರುವ ದಿನವನ್ನು ಈಗಲೇ ಬರೆದುಕೊಡುತ್ತೀರಾ. ಕೊನೆಯದನ್ನು ಬಿಲ್ಲಿಗೆ ಕಟ್ಟಿಹಾಕಿ. ಅಂದರೆ ಕಾಲು ಭಾಗ ದುಡ್ಡು ಅವರು ಎರಡನೇ ಸಲ ಬಂದು ಹೋದ ಮೇಲೆ. ಕ್ಯಾಲೆಂಡರ್ ಸೀಸನ್ ಮುಗಿದ ಮೇಲೆ ನಮ್ಮ ಬಿಲ್ ಬುಕ್ ಕೆಲಸಕ್ಕೂ ನಕ್ಷೆ ಹಾಕಬೇಕು. ಅದನ್ನು ಪೇಸ್ಟಿಂಗ್‌ನ ಅಕ್ಕ ಮತ್ತು ನಾನೇ ಹಾಕುತ್ತೇವೆ. ಲ್ಯಾಮಿನೇಷನ್‌ನ ಆ ಎರಡು ದಿನಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ತಿಳಿಸಿ.